ಚಾವಿ ಕೇಳುವ ಧೈರ್ಯ

ಮದುವೆ, ಜಾತ್ರೆ, ಉರುಸು ಮುಗಿದ ರಾತ್ರಿ ನಮ್ಮ ಹಳ್ಳಿಗಳಲ್ಲಿ ಕಾಣುವ ಒಂದು ದೃಶ್ಯ ಇದು. ಒಬ್ಬರು ತೂರಾಡುತ್ತ ಬಂದು ಬೈಕ್ ಹತ್ತುತ್ತಾರೆ. ಎರಡು ಸಲ ಕಿಕ್ ತಪ್ಪುತ್ತದೆ, ಮೂರನೆಯ ಸಲ ಗಾಡಿ ಚಾಲೂ ಆಗುತ್ತದೆ. ಕಟ್ಟೆಯ ಮೇಲೆ ಕುಳಿತವರೆಲ್ಲ ನೋಡುತ್ತಿರುತ್ತಾರೆ. "ಹುಷಾರ್ ಹೋಗಪಾ" ಎಂದು ಒಬ್ಬರು ಹೇಳುತ್ತಾರೆ. ಗಾಡಿ ಕತ್ತಲಲ್ಲಿ ಮರೆಯಾಗುತ್ತದೆ.

ಮರುದಿನ ಕೆಟ್ಟ ಸುದ್ದಿ ಬಂದರೆ ಅದೇ ಕಟ್ಟೆಯ ಮೇಲೆ "ಹಣೆಬರಹ" ಎನ್ನುತ್ತೇವೆ. ನಿಜವಾಗಿ ಅದು ಹಣೆಬರಹವೇ? ಇಷ್ಟು ಜನ ನೋಡುತ್ತಿದ್ದಾಗ ಒಬ್ಬರಾದರೂ ಚಾವಿ ಕೇಳಬಹುದಿತ್ತಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಮದ್ಯ ದೇಹದಲ್ಲಿ ಏನು ಮಾಡುತ್ತದೆ ಎಂದು ತಿಳಿಯೋಣ.

ಹುಷಾರು ಎಲ್ಲಿ ಹೋಗುತ್ತದೆ?

ಮದ್ಯ ಹೊಟ್ಟೆ ಮತ್ತು ಕರುಳಿನಿಂದ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ತಲುಪುತ್ತದೆ. ಅದು ಮೊದಲು ಕೆಡಿಸುವುದು ನಮ್ಮ ವಿವೇಚನೆಯನ್ನು. ಕೈಕಾಲು ತಪ್ಪುವ ಮುಂಚೆಯೇ "ನನಗೇನೂ ಆಗಿಲ್ಲ" ಎಂಬ ಹುಂಬ ಧೈರ್ಯ ಬಂದಿರುತ್ತದೆ. ಆದ್ದರಿಂದ ಕುಡಿದವನಿಗೆ "ಹುಷಾರ್" ಎಂದು ಹೇಳಿ ಪ್ರಯೋಜನವಿಲ್ಲ. ಹುಷಾರಾಗಿರಬೇಕಾದ ಭಾಗವೇ ಅವನ ಮಿದುಳಿನಲ್ಲಿ ಮಂಕಾಗಿರುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಹೆಚ್ಚು. ಹಿಂದೆ ಕೆಂಪು ದೀಪವಿಲ್ಲದೆ ರಾತ್ರಿ ನಿಂತ ಟ್ರ್ಯಾಕ್ಟರ್ ಟ್ರೇಲರ್ ಎದುರಿಗೆ ಬಂದಾಗ ಬದುಕು ಸಾವಿನ ನಡುವಿನ ಅಂತರ ಅದಕ್ಕಿಂತ ಕಡಿಮೆಯಿರುತ್ತದೆ.

ಇನ್ನೊಂದು ಲೆಕ್ಕ. 60 ಕಿಲೋ ತೂಕದ ಒಬ್ಬ ಗಂಡಸು ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿ ಕುಡಿದ ಎನ್ನಿ. ಅದರಲ್ಲಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಆಗ ಅವನ 100 ಮಿ.ಲೀ. ರಕ್ತದಲ್ಲಿ ಸುಮಾರು 150 ಮಿ.ಗ್ರಾಂ ಮದ್ಯಸಾರ ಸೇರಬಹುದು. ಯಕೃತ್ತು ಅದನ್ನು ಗಂಟೆಗೆ ಸುಮಾರು 15 ಮಿ.ಗ್ರಾಂನಂತೆ ಮಾತ್ರ ಇಳಿಸುತ್ತದೆ. ಕಾನೂನಿನ ಮಿತಿಯಾದ 30 ಮಿ.ಗ್ರಾಂಗೆ ಬರಲು ಸುಮಾರು 8 ಗಂಟೆ ಬೇಕು. ರಾತ್ರಿ 11ಕ್ಕೆ ಕುಡಿದು ಮಲಗಿ, ಮುಂಜಾನೆ 6ಕ್ಕೆ ಎದ್ದು ಟಂಟಂ ಹೊರಡಿಸಿದವನು ಆಗಲೂ ಮಿತಿ ಮೀರಿಯೇ ಇರಬಹುದು. ತಣ್ಣೀರ ಸ್ನಾನ, ಲಿಂಬೆ ಹುಳಿ, ಮಜ್ಜಿಗೆ, ಚಹಾ ಯಾವುದೂ ಯಕೃತ್ತಿನ ಕೆಲಸವನ್ನು ಬೇಗ ಮಾಡಿಸುವುದಿಲ್ಲ. ಹೊತ್ತು ಕಳೆಯುವುದೊಂದೇ ದಾರಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ಗಾಡಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿಯಲ್ಲಿ 5 ವರ್ಷದವರೆಗೆ ಶಿಕ್ಷೆಯಾಗಬಹುದು.

ನಮ್ಮ ವಯಸ್ಸಿನವರು ತಿಳಿಯಬೇಕಾದ ಕಲಂ 199ಎ. 18 ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಕಾನೂನು ಕಡಿಮೆಯೇನಿಲ್ಲ. ಆದರೆ ಪೊಲೀಸರು ಊದುವ ಯಂತ್ರ ಹಿಡಿದು ನಿಲ್ಲುವುದು ಹೆಚ್ಚಾಗಿ ಪೇಟೆಯ ಸರ್ಕಲ್‌ಗಳಲ್ಲಿ, ಹೆದ್ದಾರಿಗಳಲ್ಲಿ. ನವಲಗುಂದ, ಕಲಘಟಗಿ ಮೇಲೆ ಹಾಯುವ 52ನೇ ರಾಷ್ಟ್ರೀಯ ಹೆದ್ದಾರಿಯಿಂದ, ಅಣ್ಣಿಗೇರಿ ಮೇಲೆ ಹಾಯುವ 67ನೇ ಹೆದ್ದಾರಿಯಿಂದ ಒಳಗೆ ತಿರುಗಿದ ಮೇಲೆ ಹೊಲಗಳ ನಡುವಿನ ದಾರಿಯಲ್ಲಿ ಯಾರು ನಿಲ್ಲಿಸಬೇಕು? ಅಲ್ಲಿರುವವರು ನಾವೇ.

ನಮ್ಮ ಬಾಯಿ ಏಕೆ ಕಟ್ಟುತ್ತದೆ?

ಇಸ್ಲಾಮಿನಲ್ಲಿ ಮದ್ಯ ಹರಾಮ್. ಹಾಗಾಗಿ ಇದು ನಮ್ಮ ಮೊಹಲ್ಲಾದ ಮಾತಲ್ಲ ಎಂದು ಕೆಲವರು ಭಾವಿಸುತ್ತಾರೆ. ಕುಡಿಯದವರ ಮನೆಗಳಿಗೂ ಈ ಸಾವು ಬರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಕುಡಿದವನ ಗಾಡಿ ಎದುರಿಗೆ ಬರುವವರ ಜಾತಿ ಧರ್ಮ ಕೇಳುವುದಿಲ್ಲ.

ಇನ್ನೊಂದು ಮಾತನ್ನು ನಾಚಿಕೆ ಬಿಟ್ಟು ಹೇಳಬೇಕು. ಯಾವ ಸಮಾಜವಿರಲಿ, ಕುಡಿತ ಅವಮಾನ ಎಂದಾದಲ್ಲಿ ಜನ ಮನೆಯಲ್ಲಿ ಕುಡಿಯುವುದಿಲ್ಲ. ಗುರುತಿನವರು ಕಾಣದ ಬೇರೆ ಊರಿಗೆ, ದಾಬಾಕ್ಕೆ ಹೋಗಿ ಕುಡಿಯುತ್ತಾರೆ. ಆಮೇಲೆ ಅಷ್ಟೂ ದೂರ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತಾರೆ. ಅಂದರೆ ಬರೀ ಬೈಗುಳ, ಬಹಿಷ್ಕಾರದಿಂದ ರಸ್ತೆ ಸುರಕ್ಷಿತವಾಗುವುದಿಲ್ಲ. ಕುಡಿತ ತಪ್ಪು ಎಂದು ಹೇಳುತ್ತಲೇ, ಕುಡಿದವನು "ನನ್ನನ್ನು ಬಂದು ಕರೆದುಕೊಂಡು ಹೋಗು" ಎಂದು ತಮ್ಮನಿಗೆ ಫೋನ್ ಮಾಡುವಷ್ಟು ಜಾಗವನ್ನು ಮನೆಯಲ್ಲಿ ಉಳಿಸಬೇಕು.

ಕುರ್‌ಆನ್ ಕೂಡ ಈ ನಿಷೇಧವನ್ನು ಹಂತಹಂತವಾಗಿ ತಂದಿತು. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡು ಹೆಚ್ಚೆಂದು ತಿಳಿಸಿ, ನಂತರ ಅಮಲಿನಲ್ಲಿ ನಮಾಜಿಗೆ ಬರಬೇಡಿ ಎಂದು ಹೇಳಿ, ಕೊನೆಗೆ ಪೂರ್ತಿ ದೂರವಿಡಲು ಆಜ್ಞಾಪಿಸಿತು. ಆ ಆಜ್ಞೆ ಕೇಳಿದ ದಿನ ಮದೀನಾದ ಜನ ತಾವಾಗಿಯೇ ಮದ್ಯವನ್ನು ಬೀದಿಗೆ ಸುರಿದರೆಂದು ಹದೀಸ್‌ಗಳು ತಿಳಿಸುತ್ತವೆ. ಜನರ ಮನಸ್ಸು ಒಪ್ಪಿದಾಗ ಕಾವಲುಗಾರ ಬೇಕಾಗುವುದಿಲ್ಲ. ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ತೆಗೆದುಹಾಕುವುದು ಈಮಾನಿನ ಒಂದು ಭಾಗ ಎಂದೂ ಹದೀಸ್ ಕಲಿಸುತ್ತದೆ. ಕುಡಿದವನ ಕೈಯಲ್ಲಿರುವ ಗಾಡಿಗಿಂತ ದೊಡ್ಡ ತೊಂದರೆ ದಾರಿಯಲ್ಲಿ ಬೇರೆ ಯಾವುದಿದೆ?

ಬಾಯಿ ಬಿಟ್ಟವರು

ನಮ್ಮ ಸೀಮೆಯಲ್ಲಿಯೇ ಹೀಗೆ ಜನರ ಮನಸ್ಸು ಕೇಳಿದವರಿದ್ದಾರೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿದರು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಅವರು ಬೇಡಿದ್ದು ಕಾಳುಕಡಿ ಅಲ್ಲ, ಜನರ ದುಶ್ಚಟಗಳನ್ನು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ದಾರಿಯಲ್ಲಿ ರಾಯಚೂರು ಜಿಲ್ಲೆಯ ಒಬ್ಬ ಹಿರಿಯ ಮಹಿಳೆ ಬೈಕ್ ಡಿಕ್ಕಿಯಾಗಿ ತೀರಿಕೊಂಡರು. ಉಳಿದವರು ಅವರ ನೆನಪು ಹೊತ್ತು ಬೆಂಗಳೂರು ಮುಟ್ಟಿದರು.

ಚಂಡೀಗಢದ ಹರ್ಮನ್ ಸಿಧು 1996ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು. ಅವರು ಮತ್ತು ತಮಿಳುನಾಡಿನ ವಕೀಲ ಕೆ. ಬಾಲು ನಡೆಸಿದ ಹೋರಾಟದಿಂದ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಆದೇಶಿಸಿತು. ಆಮೇಲೆ ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು, ಪಟ್ಟಣದ ಮಿತಿಯೊಳಗಿನ ಅಂಗಡಿಗಳಿಗೆ ವಿನಾಯಿತಿಯೂ ಸಿಕ್ಕಿತು. ಆದರೂ ಹೆದ್ದಾರಿಯ ಬದಿಯ ಅಂಗಡಿಗೂ ಹೆದ್ದಾರಿಯ ಮೇಲಿನ ಸಾವಿಗೂ ಸಂಬಂಧವಿದೆ ಎಂಬುದನ್ನು ಇಡೀ ದೇಶ ಚರ್ಚಿಸುವಂತಾಯಿತು.

ನೆನಪು ಏಕೆ ಬೇಕು?

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇಷ್ಟು ದೊಡ್ಡ ಸಂಖ್ಯೆ ಓದಿದಾಗ ಯಾರಿಗೂ ಕಣ್ಣೀರು ಬರುವುದಿಲ್ಲ. ಒಂದು ಮುಖ ನೆನಪಾದಾಗ ಬರುತ್ತದೆ.

2021ರ ಜನವರಿ 15ರಂದು ಧಾರವಾಡ ಹತ್ತಿರದ ಇಟ್ಟಿಗಟ್ಟಿ ಬಳಿ ಬೈಪಾಸಿನಲ್ಲಿ ಟಿಪ್ಪರ್ ಮತ್ತು ಮಿನಿಬಸ್ ಡಿಕ್ಕಿಯಾಗಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಸೇರಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಚರ್ಚೆಯಾದದ್ದು ಕುಡಿತವಲ್ಲ, ಎರಡೇ ಲೇನಿನ ಆ ಬೈಪಾಸ್. ಸತ್ತವರ ಮನೆಯವರು ಮನೆಯಲ್ಲಿ ಕುಳಿತು ಅಳಲಿಲ್ಲ. ಅದೇ ಜಾಗಕ್ಕೆ ಬಂದು, ತಮ್ಮವರನ್ನು ನೆನೆದು, ರಸ್ತೆ ಅಗಲ ಮಾಡಿರಿ ಎಂದು ಕೇಳಿದರು. ಮುಂದೆ ಆ ಕಾಮಗಾರಿ ಶುರುವಾಯಿತು. ನೆನಪು ಕೆಲಸ ಮಾಡುವುದು ಹೀಗೆ.

1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 13 ವರ್ಷದ ಒಬ್ಬ ಹುಡುಗಿಯನ್ನು ಕುಡಿದ ಚಾಲಕನೊಬ್ಬ ಕೊಂದ. ಅವನು ಹಿಂದೆಯೂ ಅದೇ ತಪ್ಪಿಗೆ ಸಿಕ್ಕಿಬಿದ್ದಿದ್ದವನು. ಹುಡುಗಿಯ ತಾಯಿ ಕ್ಯಾಂಡೇಸ್ ಲೈಟ್ನರ್ ಅದೇ ವರ್ಷ ತಾಯಂದಿರ ಸಂಘಟನೆ ಕಟ್ಟಿದರು. ಮಕ್ಕಳನ್ನು ಕಳೆದುಕೊಂಡವರ ಮಾತು ಕೇಳಿ ಅಲ್ಲಿನ ಕಾನೂನುಗಳು ಬದಲಾದವು. ಬ್ರಿಟನ್ನಿನಲ್ಲಿ ರೋಡ್‌ಪೀಸ್ ಎಂಬ ಸಂಘಟನೆ 1993ರಲ್ಲಿ ಆರಂಭಿಸಿದ ಸ್ಮರಣೆಯ ದಿನವನ್ನು ವಿಶ್ವಸಂಸ್ಥೆ 2005ರಲ್ಲಿ ಒಪ್ಪಿಕೊಂಡಿತು. ಈಗ ಪ್ರತಿ ನವೆಂಬರಿನ ಮೂರನೆಯ ಭಾನುವಾರ ಜಗತ್ತಿನೆಲ್ಲೆಡೆ ರಸ್ತೆಯಲ್ಲಿ ಸತ್ತವರನ್ನು ನೆನೆಯುತ್ತಾರೆ.

ನಾವು ಮಾಡಬಹುದಾದದ್ದು

ಮೊದಲನೆಯದು, ಚಾವಿ. ಹಿರಿಯರ ಮುಂದೆ ದನಿ ಏರಿಸಬೇಕಾಗಿಲ್ಲ. "ಕಾಕಾ, ಚಾವಿ ಕೊಡ್ರಿ. ಇಲ್ಲೇ ಹಾಸಗಿ ಹಾಸ್ತೇನಿ, ಮುಂಜಾನೆ ಹೋಗೀರಂತ" ಎಂದರೆ ಸಾಕು. ಒಬ್ಬರಿಗೆ ಕೊಡದಿದ್ದರೆ ನಾಲ್ವರು ಕೂಡಿ ಕೇಳೋಣ. ಮದುವೆ ಮನೆಯಲ್ಲಿ ಊಟದ ಉಸ್ತುವಾರಿಗೆ ಒಬ್ಬರನ್ನು ನೇಮಿಸುವಂತೆ ಚಾವಿಯ ಉಸ್ತುವಾರಿಗೂ ಇಬ್ಬರು ಗಟ್ಟಿ ಮನುಷ್ಯರನ್ನು ನೇಮಿಸಬಹುದು.

ಎರಡನೆಯದು, ಟಂಟಂ ಅಥವಾ ಕ್ರೂಸರ್ ಚಾಲಕನ ಬಾಯಿಂದ ವಾಸನೆ ಬಂದರೆ ಹತ್ತಬೇಡಿ, ಹತ್ತಿದವರನ್ನೂ ಇಳಿಸಿ. ಮಾತು ಕೇಳದಿದ್ದರೆ 112ಕ್ಕೆ ಕರೆ ಮಾಡಿ.

ಮೂರನೆಯದು, ಅಪಘಾತ ಕಂಡರೆ ಮೊಬೈಲ್ ತೆಗೆಯುವುದು ವಿಡಿಯೋ ಮಾಡಲಿಕ್ಕಲ್ಲ, 108ಕ್ಕೆ ಕರೆ ಮಾಡಲಿಕ್ಕೆ. ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಕಾಯ್ದೆಯ 134ಎ ಕಲಂ ಈ ರಕ್ಷಣೆ ಕೊಟ್ಟಿದೆ.

ನಾಲ್ಕನೆಯದು, ಕುಡಿತ ಬಿಡಲಾಗದವರು ಕೆಟ್ಟವರಲ್ಲ, ಅನೇಕರು ರೋಗಿಗಳು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ. 14446 ಮತ್ತು 14416 ಉಚಿತ ಸಹಾಯವಾಣಿಗಳು.

ಕೊನೆಯದು, ಬರುವ ನವೆಂಬರಿನ ಮೂರನೆಯ ಭಾನುವಾರದ ಹಿಂದಿನ ದಿನ ಕಾಲೇಜಿನ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ರಸ್ತೆಯ ಮೇಲೆ ಸತ್ತ ಒಬ್ಬರನ್ನು ನೆನೆಯಲಿ. ನಮ್ಮಲ್ಲಿ ಅಂಥ ಒಂದು ಹೆಸರು ಗೊತ್ತಿಲ್ಲದವರು ಬಹಳ ಜನ ಇರಲಿಕ್ಕಿಲ್ಲ. ಆ ಸಂಜೆ ಮನೆಗೆ ಹೋದಾಗ ಗಾಡಿಯ ಚಾವಿ ಎಲ್ಲಿ ತೂಗುಹಾಕಿದೆ ಎಂದು ಒಮ್ಮೆ ನೋಡೋಣ. ಅದನ್ನು ಯಾವಾಗ ತೆಗೆದು ಮುಚ್ಚಿಡಬೇಕು ಎಂಬುದು ಈಗ ನಮಗೆ ಗೊತ್ತಿದೆ.