ಏಳುನೂರು ವರ್ಷ ಕಟ್ಟಿದರೂ ತೀರದ ಸಾಲ

ದಿನಕ್ಕೆ 10 ಕೋಟಿ ರೂಪಾಯಿಯಂತೆ, ಒಂದು ಹಬ್ಬಕ್ಕೂ ಬಿಡುವು ಕೊಡದೆ, ಬಡ್ಡಿಯ ಮಾತೇ ಎತ್ತದೆ ಸಾಲ ತೀರಿಸುತ್ತ ಹೋದರೆ ಎಷ್ಟು ಕಾಲ ಬೇಕು? ವಿಜಯನಗರ ಸಾಮ್ರಾಜ್ಯ ಹುಟ್ಟಿದ 1336ರಲ್ಲಿ ಮೊದಲ ಕಂತು ಕಟ್ಟಿದ್ದರೂ ಇವತ್ತಿಗೆ ಆ ಸಾಲ ತೀರುತ್ತಿರಲಿಲ್ಲ, ಇನ್ನೂ ಐವತ್ತು ವರ್ಷದಷ್ಟು ಬಾಕಿ ಉಳಿದಿರುತ್ತಿತ್ತು. ಚೀನಾದ ಎವರ್‌ಗ್ರಾಂಡ್ ಎಂಬ ಒಂದೇ ಒಂದು ಬಿಲ್ಡರ್ ಕಂಪನಿ ಹೊತ್ತಿದ್ದ ಹೊರೆ ಅಷ್ಟು. 2023ರ ಜೂನ್ ಅಂತ್ಯಕ್ಕೆ ಅದು ಕೊಡಬೇಕಾಗಿದ್ದದ್ದು 2.39 ಲಕ್ಷ ಕೋಟಿ ಯುವಾನ್. ಆಗಿನ ದರದಲ್ಲಿ ಸುಮಾರು 27 ಲಕ್ಷ ಕೋಟಿ ರೂಪಾಯಿ. ಆ ವರ್ಷ ಇಡೀ ಭಾರತದ ಕೇಂದ್ರ ಬಜೆಟ್ಟಿನ ಗಾತ್ರವೇ 45 ಲಕ್ಷ ಕೋಟಿ. ಕರ್ನಾಟಕದ್ದು 3.27 ಲಕ್ಷ ಕೋಟಿ. ಅಂಥ ಎಂಟು ಬಜೆಟ್ ಒಟ್ಟುಗೂಡಿಸಿದರೂ ಈ ಬಾಕಿ ಚುಕ್ತಾ ಆಗುತ್ತಿರಲಿಲ್ಲ.

ಕಂಪನಿ ಶುರುವಾದದ್ದು 1996ರಲ್ಲಿ, ಗುವಾಂಗ್‌ಝೌ ನಗರದಲ್ಲಿ. ಸ್ಥಾಪಕ ಹುಯಿ ಕಾ ಯಾನ್ ಹೆನಾನ್ ಪ್ರಾಂತ್ಯದ ಬಡ ಹಳ್ಳಿಯೊಂದರಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಬಂದವರು. ಚೀನಾದ ಕೋಟ್ಯಂತರ ಜನ ಹಳ್ಳಿ ಬಿಟ್ಟು ಪಟ್ಟಣ ಸೇರುತ್ತಿದ್ದ ಕಾಲ ಅದು. ಕಟ್ಟಿದ್ದೆಲ್ಲ ಮಾರಾಟವಾಗುತ್ತಿತ್ತು, ಕಟ್ಟದೇ ಇದ್ದದ್ದು ಅದಕ್ಕಿಂತ ಮೊದಲೇ ಮಾರಾಟವಾಗುತ್ತಿತ್ತು. 2009ರಲ್ಲಿ ಕಂಪನಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂತು. 2010ರಲ್ಲಿ ಫುಟ್‌ಬಾಲ್ ತಂಡ ಕೊಂಡಿತು. ಆ ತಂಡ 2013 ಮತ್ತು 2015ರಲ್ಲಿ ಏಷ್ಯಾದ ಚಾಂಪಿಯನ್ ಆಯಿತು. 2017ರಲ್ಲಿ ಫೋರ್ಬ್ಸ್ ಪಟ್ಟಿಯ ಪ್ರಕಾರ ಹುಯಿ ಚೀನಾದ ಅತಿ ಶ್ರೀಮಂತ, ಆಸ್ತಿ 4,250 ಕೋಟಿ ಡಾಲರ್. 2020ರ ಒಂದೇ ವರ್ಷದಲ್ಲಿ ಮಾರಾಟ 72 ಸಾವಿರ ಕೋಟಿ ಯುವಾನ್ ದಾಟಿತು. ಉತ್ತುಂಗದಲ್ಲಿ 280ಕ್ಕೂ ಹೆಚ್ಚು ನಗರಗಳಲ್ಲಿ 1,300ರಷ್ಟು ಯೋಜನೆಗಳು, ಎರಡು ಲಕ್ಷ ನೌಕರರು. ಅದರ ವಿದ್ಯುತ್ ಕಾರು ಕಂಪನಿ ಒಂದೂ ಕಾರು ಮಾರದೆಯೇ, 2021ರ ಏಪ್ರಿಲ್ ಹೊತ್ತಿಗೆ ಷೇರುಪೇಟೆಯಲ್ಲಿ ಫೋರ್ಡ್‌ಗಿಂತ ಹೆಚ್ಚು ಬೆಲೆ ಬಾಳುತ್ತಿತ್ತು.

ಇಷ್ಟು ಹಣ ಬಂದದ್ದು ಎಲ್ಲಿಂದ? ಬಾಕಿಯ ಲೆಕ್ಕವನ್ನು ಬಿಡಿಸಿ ನೋಡಿದಾಗ ನಿಜವಾದ ಬೆರಗು ಕಾದಿರುತ್ತದೆ. ಬ್ಯಾಂಕು, ಬಾಂಡು ಮುಂತಾದವುಗಳಿಂದ ತಂದ ಸಾಲ 62 ಸಾವಿರ ಕೋಟಿ ಯುವಾನ್, ಅಂದರೆ ಒಟ್ಟು ಹೊರೆಯ ಸುಮಾರು ಕಾಲು ಭಾಗ. ಗುತ್ತಿಗೆದಾರರು, ಸಾಮಗ್ರಿ ಉದ್ರಿ ಕೊಟ್ಟವರು ಮೊದಲಾದವರಿಗೆ ಸಲ್ಲಬೇಕಾದದ್ದು 1.06 ಲಕ್ಷ ಕೋಟಿ. ಇನ್ನೂ 60 ಸಾವಿರ ಕೋಟಿ ಯುವಾನ್, ಕೈಗೆ ಬಾರದ ಮನೆಗಳಿಗೆ ಜನ ಮೊದಲೇ ಕಟ್ಟಿದ ಹಣ. ಅದೊಂದೇ ನಮ್ಮ ರಾಜ್ಯದ ಎರಡು ಬಜೆಟ್ಟಿನಷ್ಟು. ಲೋಕವೆಲ್ಲ ವಿದೇಶಿ ಬಾಂಡುದಾರರ ಬಗ್ಗೆ ಮಾತಾಡುತ್ತಿದ್ದಾಗ, ಈ ಗೋಪುರಗಳ ನಿಜವಾದ ಸಾಲಿಗರಾಗಿ ನಿಂತಿದ್ದವರು ಸಿಮೆಂಟು ಕೊಟ್ಟವರು ಮತ್ತು ಮನೆ ಬಯಸಿದವರು.

ಈ ಯಂತ್ರ ನಡೆಯಬೇಕಾದರೆ ಮಾರಾಟ ಒಂದು ದಿನವೂ ನಿಲ್ಲಬಾರದು. ಇವತ್ತಿನ ಗಿರಾಕಿಯ ಮುಂಗಡದಿಂದ ನಾಳಿನ ಜಮೀನು, ನಾಳಿನ ಗಿರಾಕಿಯ ಮುಂಗಡದಿಂದ ನಿನ್ನೆಯ ಕಟ್ಟಡ. 2020ರ ಆಗಸ್ಟ್‌ನಲ್ಲಿ ಚೀನಾ ಸರ್ಕಾರ ಬಿಲ್ಡರುಗಳ ಸಾಲಕ್ಕೆ ‘ಮೂರು ಕೆಂಪು ಗೆರೆ’ ಎಳೆಯಿತು. ಎವರ್‌ಗ್ರಾಂಡ್ ಮೂರನ್ನೂ ದಾಟಿಯಾಗಿತ್ತು. ಹೊಸ ಸಾಲ ಹುಟ್ಟಲಿಲ್ಲ, 2021ರ ಡಿಸೆಂಬರಿನಲ್ಲಿ ಕಂಪನಿ ಸುಸ್ತಿದಾರನಾಯಿತು. 2021 ಮತ್ತು 2022, ಈ ಎರಡು ವರ್ಷಗಳ ನಷ್ಟವನ್ನು ಹಂಚಿ ನೋಡಿದರೆ ದಿನವೊಂದಕ್ಕೆ ಸುಮಾರು 80 ಕೋಟಿ ಯುವಾನ್. ದುಡ್ಡು ಮೊದಲೇ ತೆಗೆದುಕೊಂಡೂ ಕಟ್ಟಿ ಮುಗಿಸದ ಮನೆಗಳು ಹದಿನಾಲ್ಕು ಲಕ್ಷದಷ್ಟಿದ್ದವು ಎಂಬ ಅಂದಾಜಿದೆ.

ಆ ಲಕ್ಷಗಳಲ್ಲಿ ಒಂಬೈನೂರು ಮನೆಗಳನ್ನಷ್ಟೇ ನೋಡೋಣ. ಪಿಂಗಾಣಿಗೆ ಹೆಸರಾದ ಜಿಂಗ್‌ಡೆಝೆನ್ ಊರಿನಲ್ಲಿ ಎವರ್‌ಗ್ರಾಂಡ್ ಅರ್ಧಕ್ಕೆ ಬಿಟ್ಟ ಯೋಜನೆಯೊಂದರ ಖರೀದಿದಾರರು 2022ರ ಜೂನ್ ಕೊನೆಗೆ ಒಂದು ಬಹಿರಂಗ ಪತ್ರ ಬರೆದರು. ಅಕ್ಟೋಬರ್ 20ರೊಳಗೆ ಕೆಲಸ ಮತ್ತೆ ಶುರುವಾಗದಿದ್ದರೆ ಬ್ಯಾಂಕಿಗೆ ಕಂತು ಕಟ್ಟುವುದಿಲ್ಲ ಎಂದು ಗಡುವು ಕೊಟ್ಟರು. ಕಟ್ಟಡ ನಿಂತರೂ ಕಂತು ನಿಂತಿರಲಿಲ್ಲ. ಇದ್ದ ಮನೆಗೆ ಬಾಡಿಗೆ, ಇಲ್ಲದ ಮನೆಗೆ ಕಂತು, ಎರಡನ್ನೂ ಒಂದೇ ಸಂಬಳದಲ್ಲಿ ತೂಗಿಸುವವರ ಮಾತು ಅದು. ಕೆಲವೇ ವಾರಗಳಲ್ಲಿ ಬೇರೆ ಬೇರೆ ಬಿಲ್ಡರುಗಳ 300ಕ್ಕೂ ಹೆಚ್ಚು ಯೋಜನೆಗಳ ಖರೀದಿದಾರರು ಇಂಥದೇ ಪತ್ರ ಬರೆದರು.

ಆಮೇಲೆ ಗೊತ್ತಾಯಿತು, ಲೆಕ್ಕಪುಸ್ತಕವೂ ಟೊಳ್ಳು ಎಂದು. ಕಂಪನಿಯ ಮುಖ್ಯ ಅಂಗಸಂಸ್ಥೆ 2019ರಲ್ಲಿ ತೋರಿಸಿದ ಆದಾಯದಲ್ಲಿ ಅರ್ಧದಷ್ಟು, 2020ರ ಆದಾಯದಲ್ಲಿ ಶೇ 78ರಷ್ಟು ಸುಳ್ಳು ಎಂದು ಚೀನಾದ ಷೇರು ನಿಯಂತ್ರಣ ಸಂಸ್ಥೆ 2024ರಲ್ಲಿ ಹೇಳಿತು. ಎರಡೂ ವರ್ಷ ಸೇರಿ 56 ಸಾವಿರ ಕೋಟಿ ಯುವಾನ್. ದಂಡ ಹಾಕಿದ್ದು 417.5 ಕೋಟಿ. ಹುಯಿಗೆ 4.7 ಕೋಟಿ ದಂಡ, ಷೇರುಪೇಟೆಯಿಂದ ಆಜೀವ ನಿಷೇಧ.

2024ರ ಜನವರಿ 29ರಂದು ಹಾಂಗ್‌ಕಾಂಗ್ ಹೈಕೋರ್ಟು ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶಿಸಿತು. 2025ರ ಜನವರಿಯಲ್ಲಿ ಫುಟ್‌ಬಾಲ್ ತಂಡ ಬರಖಾಸ್ತಾಯಿತು. ಆಗಸ್ಟ್ 25ರಂದು ಷೇರುಪೇಟೆಯ ಪಟ್ಟಿಯಿಂದ ಕಂಪನಿಯ ಹೆಸರು ತೆಗೆದುಹಾಕಲಾಯಿತು. ಸಾಲಿಗರು 4,500 ಕೋಟಿ ಡಾಲರ್ ಬರಬೇಕೆಂದು ಅರ್ಜಿ ಹಾಕಿದ್ದಾರೆ. ಅಲ್ಲಿಯವರೆಗೆ ಆಸ್ತಿ ಮಾರಿ ಬಂದದ್ದು 25.5 ಕೋಟಿ ಡಾಲರ್. ನೂರು ರೂಪಾಯಿ ಕೊಡಬೇಕಾದಲ್ಲಿ ಐವತ್ತೇಳು ಪೈಸೆ.

ಮನೆ ಕೊಳ್ಳುವವರ ಹಣ ಮೇಲ್ವಿಚಾರಣೆಯ ಖಾತೆಯಲ್ಲಿರಬೇಕೆಂಬ ನಿಯಮ ಚೀನಾದಲ್ಲೂ ಇತ್ತು. ಜಾರಿ ಸಡಿಲವಾಗಿತ್ತು. ನಮ್ಮ 2016ರ ರೇರಾ ಕಾಯ್ದೆಯೂ ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕೆನ್ನುತ್ತದೆ. ಒಂದು ಮನೆಯ ಮುಂಗಡ ಇನ್ನೊಂದು ಊರಿನ ಜಮೀನಿಗೆ ಹರಿಯದಂತೆ ತಡೆಯುವ ಕಟ್ಟೆ ಅದೊಂದೇ. 27 ಲಕ್ಷ ಕೋಟಿಯ ದುರಂತವೂ ತಪ್ಪಾದ ಖಾತೆಗೆ ಹೋದ ಮೊದಲ ಮುಂಗಡದಿಂದಲೇ ಶುರುವಾಗುತ್ತದೆ. ಅದನ್ನು ಅಲ್ಲೇ ಹಿಡಿಯಬೇಕು.