ವಿಎ ನೋಡಿ ಇನ್ವರ್ಟರ್ ಕೊಳ್ಳಬೇಡಿ: ಸಣ್ಣ ಸೌರ ವ್ಯವಸ್ಥೆಯ ಲೆಕ್ಕಾಚಾರ

ದೆಹಲಿಯ ಯಮುನಾ ಬಯಲಿನಲ್ಲಿ, ಚಿಲ್ಲಾ ಖಾದರ್‌ನಂಥ ಕಡೆ ತರಕಾರಿ ಬೆಳೆಯುವ ಕುಟುಂಬಗಳಿಗೆ ಬಹುಕಾಲ ವಿದ್ಯುತ್ ಸಂಪರ್ಕ ಸಿಗಲಿಲ್ಲ. ಸಣ್ಣ ಸೌರ ಪ್ಯಾನೆಲ್‌ಗಳೇ ಆಸರೆಯಾಗಿದ್ದವು. ನೋಯ್ಡಾ, ಗುರುಗ್ರಾಮದ ಅಂಚಿನ ತೋಟದ ಮನೆ, ನರ್ಸರಿ, ಕಾವಲುಗಾರರ ಕೋಣೆಗಳಲ್ಲೂ ಕಂಬದ ಕರೆಂಟು ಇಲ್ಲದೆಡೆ ಇದೇ ಕಥೆ. ಹಿಂದೆ ಡೀಸೆಲ್ ಜನರೇಟರ್ ಇತ್ತು. ವಾಯು ಗುಣಮಟ್ಟ ನಿರ್ವಹಣಾ ಆಯೋಗವು 2023ರ ಅಕ್ಟೋಬರ್ 1ರಿಂದ ಇಡೀ ರಾಜಧಾನಿ ವಲಯದಲ್ಲಿ ಅದರ ಬಳಕೆಗೆ ಕಟ್ಟುನಿಟ್ಟಿನ ಷರತ್ತು ಹಾಕಿದೆ. ಹಾಗಾಗಿ ಸೌರ ಇನ್ವರ್ಟರ್ ಕೊಳ್ಳುವವರು ಹೆಚ್ಚುತ್ತಿದ್ದಾರೆ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವಿಎ (ವೋಲ್ಟ್-ಆಂಪಿಯರ್) ಬೇಕು?’ ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು.

ಮೊದಲು ಬಳಕೆಯ ಪಟ್ಟಿ

ಒಂದು ಸಣ್ಣ ಮನೆಯ ಮಾದರಿ ಲೆಕ್ಕ ಹೀಗಿದೆ:

• 30 ವ್ಯಾಟ್‌ನ 2 ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ) ಫ್ಯಾನ್, 14 ಗಂಟೆ: 840 ವ್ಯಾಟ್-ಅವರ್
• 9 ವ್ಯಾಟ್‌ನ 4 ಎಲ್‌ಇಡಿ ಬಲ್ಬ್, 6 ಗಂಟೆ: 216
• ಮೊಬೈಲ್ ಚಾರ್ಜರ್, ರೂಟರ್ ಸೇರಿ 20 ವ್ಯಾಟ್, 8 ಗಂಟೆ: 160
• 50 ವ್ಯಾಟ್‌ನ ಟಿವಿ, 4 ಗಂಟೆ: 200
• ಸಣ್ಣ ಫ್ರಿಜ್, ದಿನಕ್ಕೆ: 800

ಒಟ್ಟು 2,216 ವ್ಯಾಟ್-ಅವರ್, ಅಂದರೆ ದಿನಕ್ಕೆ ಸುಮಾರು 2.2 ಯೂನಿಟ್. ಹಳೆಯ 75 ವ್ಯಾಟ್ ಫ್ಯಾನ್‌ಗಳನ್ನೇ ಉಳಿಸಿಕೊಂಡರೆ ಫ್ಯಾನಿನ ಬಾಬ್ತೇ 2,100ಕ್ಕೆ ಏರುತ್ತದೆ. ಇನ್ವರ್ಟರ್ ಬದಲಿಸುವ ಮುನ್ನ ಫ್ಯಾನ್ ಬದಲಿಸುವುದು ಅಗ್ಗ.

ದೀಪ ಮತ್ತು ಫೋನ್ ಚಾರ್ಜಿಂಗ್ ಇಷ್ಟೇ ಸಾಕೆಂದಾದರೆ ಇನ್ವರ್ಟರೇ ಬೇಡ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಕೊಟ್ಟ ದೀಪಗಳು ಬ್ಯಾಟರಿಯ ಡಿಸಿ ಕರೆಂಟಿನಲ್ಲೇ ಉರಿದವು.

ವಿಎ ಬೇರೆ, ವ್ಯಾಟ್ ಬೇರೆ

ಪವರ್ ಫ್ಯಾಕ್ಟರ್ (ವಿಎಯಲ್ಲಿ ವ್ಯಾಟ್ ಆಗಿ ದಕ್ಕುವ ಪಾಲು) 0.8 ಇದ್ದರೆ 1,000 ವಿಎ ಇನ್ವರ್ಟರ್ ಕೊಡುವುದು 800 ವ್ಯಾಟ್ ಮಾತ್ರ. ನಮ್ಮ ಮಾದರಿ ಮನೆಯಲ್ಲಿ ಎಲ್ಲವೂ ಒಟ್ಟಿಗೆ ನಡೆದರೆ ಫ್ರಿಜ್‌ನ 120 ವ್ಯಾಟ್ ಸೇರಿ 286 ವ್ಯಾಟ್. ಆದರೆ ಫ್ರಿಜ್‌ನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಆ 120 ವ್ಯಾಟ್‌ನ 5ರಿಂದ 8 ಪಟ್ಟು ಎಳೆಯಬಲ್ಲದು. 7 ಪಟ್ಟು ಎಂದರೆ 840. ಉಳಿದ 166 ಸೇರಿ 1,006 ವ್ಯಾಟ್. ಕ್ಷಣಕಾಲ ಇಮ್ಮಡಿ ಹೊರೆ ತಾಳುವ 1,000 ವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದಕ್ಕೆ ಸಾಕು. ಸ್ಕ್ವೇರ್ ವೇವ್‌ನಲ್ಲಿ ಮೋಟಾರು ಗುಂಯ್‌ಗುಟ್ಟಿ ಬಿಸಿಯೇರುತ್ತದೆ. ಫ್ರಿಜ್ ಇದ್ದ ಮನೆಗೆ ಅದು ಬೇಡ.

ಅರ್ಧ ಎಚ್‌ಪಿ ಪಂಪು ಸೇರಿಸಿದರೆ ಲೆಕ್ಕವೇ ಬದಲು: ಓಡಲು ಸುಮಾರು 550 ವ್ಯಾಟ್, ಶುರುವಾಗಲು 2,500ರ ಆಸುಪಾಸು. ಅದೊಂದಕ್ಕಾಗಿ ಇನ್ವರ್ಟರನ್ನು ಬಹಳ ದೊಡ್ಡದು ಮಾಡುವ ಬದಲು ಪಂಪಿಗೆ ಪ್ರತ್ಯೇಕ ಸೌರ ವ್ಯವಸ್ಥೆ ಮಾಡುವುದು ಒಳ್ಳೆಯದು.

ದೊಡ್ಡದು ಯಾಕೆ ಬೇಡ? ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಕರೆಂಟು ತಿನ್ನುತ್ತದೆ. 15 ವ್ಯಾಟ್ ತಿನ್ನುವುದಾದರೆ ದಿನಕ್ಕೆ 360 ವ್ಯಾಟ್-ಅವರ್. 40 ತಿನ್ನುವುದಾದರೆ 960. ವ್ಯತ್ಯಾಸದ 600ರಲ್ಲಿ ನಮ್ಮ ಎರಡೂ ಫ್ಯಾನ್ 10 ಗಂಟೆ ತಿರುಗುತ್ತವೆ.

ದೆಹಲಿಯ ಚಳಿ, ದೆಹಲಿಯ ಸೆಕೆ

ಬಳಕೆ 2,216, ಇನ್ವರ್ಟರ್‌ನ ಪಾಲು 360; ಒಟ್ಟು 2,576. ಮಂಜು, ಹೊಗೆ ಮುಸುಕುವ ಚಳಿಗಾಲಕ್ಕೆ ದಿನಕ್ಕೆ 3.5 ಗಂಟೆಯ ಪೂರ್ಣ ಬಿಸಿಲು, ಶೇ 70ರ ದಕ್ಷತೆ ಹಿಡಿದರೆ 1,051 ವ್ಯಾಟ್ ಪ್ಯಾನೆಲ್ ಬೇಕು. 540 ವ್ಯಾಟ್‌ನ ಎರಡು ಸಾಕು. ಮೇ ತಿಂಗಳಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದಾಗ ಶೇ 14ರಷ್ಟು ಶಕ್ತಿ ಕುಸಿದರೂ ಉದ್ದನೆಯ ಹಗಲು ಅದನ್ನು ತುಂಬಿಕೊಡುತ್ತದೆ.

ಇಲ್ಲಿ ಹಲವರು ಎಡವುವುದು ವೋಲ್ಟೇಜಿನಲ್ಲಿ. ಇಂಥ ಪ್ಯಾನೆಲ್‌ನ ತೆರೆದ (ಹೊರೆ ಇಲ್ಲದಾಗಿನ) ವೋಲ್ಟೇಜ್ 25 ಡಿಗ್ರಿಯಲ್ಲಿ ಸುಮಾರು 49.5. ಚಳಿ ಹೆಚ್ಚಿದಷ್ಟೂ ಅದು ಏರುತ್ತದೆ. ಜನವರಿಯ 4 ಡಿಗ್ರಿಯ ಬೆಳಗಿನಲ್ಲಿ 52 ದಾಟುತ್ತದೆ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 105ರ ಹತ್ತಿರ. ‘ಗರಿಷ್ಠ 100 ವೋಲ್ಟ್’ ಎಂದು ಬರೆದ ಇನ್ವರ್ಟರ್ ಬೇಸಿಗೆಯನ್ನು ದಾಟಿಯೂ ಚಳಿಗಾಲದ ಸೂರ್ಯೋದಯದಲ್ಲಿ ಸುಡಬಹುದು. ಕನಿಷ್ಠ 120 ವೋಲ್ಟ್ ತಾಳುವುದನ್ನು ಕೊಳ್ಳಿ, ಇಲ್ಲವೇ ಪ್ಯಾನೆಲ್‌ಗಳನ್ನು ಸಮಾನಾಂತರವಾಗಿ ಜೋಡಿಸಿ.

ಅಗ್ಗದ್ದು ದುಬಾರಿಯಾಗುವ ಬಗೆ

540 ವ್ಯಾಟ್ ಪ್ಯಾನೆಲ್ ಸುಮಾರು 13 ಆಂಪಿಯರ್ ಕೊಡುತ್ತದೆ. ಪಿಡಬ್ಲ್ಯೂಎಂ ಬಗೆಯ ಚಾರ್ಜರ್ ಇರುವ ಅಗ್ಗದ ಇನ್ವರ್ಟರ್ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಇಳಿಸಿಬಿಡುತ್ತದೆ. 24 ವೋಲ್ಟ್ ಬ್ಯಾಟರಿಗೆ 13 × 26 = 338 ವ್ಯಾಟ್; 12 ವೋಲ್ಟ್ ಬ್ಯಾಟರಿಗೆ 13 × 13 = 169 ಮಾತ್ರ. ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳುವ ಎಂಪಿಪಿಟಿ ಚಾರ್ಜರ್ ಇರುವ ಇನ್ವರ್ಟರ್ ಬಹುಪಾಲು ಶಕ್ತಿಯನ್ನು ಹಿಡಿಯುತ್ತದೆ. ಪಿಡಬ್ಲ್ಯೂಎಂ ಕೊಂಡರೆ 24 ವೋಲ್ಟ್‌ನಲ್ಲೇ ಎರಡು ಪ್ಯಾನೆಲ್‌ಗಳಿಂದ 404 ವ್ಯಾಟ್ ನಷ್ಟ. ವ್ಯಾಟಿಗೆ 25 ರೂಪಾಯಿಯಂತೆ 10,100 ರೂಪಾಯಿಯ ಪ್ಯಾನೆಲ್ ದಂಡ.

ಬ್ಯಾಟರಿಯೂ 24 ವೋಲ್ಟ್ ಇರಲಿ. 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ 3,600 ವ್ಯಾಟ್-ಅವರ್ ಇರುತ್ತದೆ; ಬಾಳಿಕೆಗಾಗಿ ಅರ್ಧ, 1,800 ಮಾತ್ರ ಬಳಸಿ. ಚಾರ್ಜಿಂಗ್ ಮಿತಿ 30 ಆಂಪಿಯರ್ ಮೀರದಿರಲಿ.

ಖರ್ಚೆಷ್ಟು?

ದರಗಳು ಅಂದಾಜು, ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ:

• ಪ್ಯಾನೆಲ್ 1,080 ವ್ಯಾಟ್: ರೂ. 27,000
• ಬ್ಯಾಟರಿ 2: ರೂ. 30,000
• 24 ವೋಲ್ಟ್ ಎಂಪಿಪಿಟಿ ಇನ್ವರ್ಟರ್: ರೂ. 16,000
• ಸ್ಟ್ಯಾಂಡ್, ಕೇಬಲ್, ಫ್ಯೂಸ್, ಅರ್ಥಿಂಗ್: ರೂ. 10,000

ಒಟ್ಟು 83,000 ರೂಪಾಯಿ. ಹತ್ತು ವರ್ಷದಲ್ಲಿ ಬ್ಯಾಟರಿ ಒಮ್ಮೆ ಬದಲಿಸಿದರೆ 1,13,000. ಆ ಅವಧಿಯಲ್ಲಿ ಬಳಸುವುದು ಸುಮಾರು 8,090 ಯೂನಿಟ್; ಯೂನಿಟ್‌ಗೆ 14 ರೂಪಾಯಿ. ಲೀಟರ್ ಡೀಸೆಲ್‌ಗೆ 88 ರೂಪಾಯಿ, ಲೀಟರಿಗೆ 3 ಯೂನಿಟ್ ಎಂದುಕೊಂಡರೂ ಜನರೇಟರ್ ಕರೆಂಟಿಗೆ ಇಂಧನದ ಖರ್ಚೇ 29 ರೂಪಾಯಿ.

ಕಂಬದ ಕರೆಂಟು ಇದ್ದವರಿಗೆ ಮಾತ್ರ ಈ ಲೆಕ್ಕ ಒಗ್ಗದು. ದೆಹಲಿಯಲ್ಲಿ ಗೃಹಬಳಕೆಯ ಮೊದಲ 200 ಯೂನಿಟ್‌ಗಳ ಮೂಲ ದರ ಯೂನಿಟ್‌ಗೆ 3 ರೂಪಾಯಿ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಯೂ ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆಗೇ ಮೀಸಲು. ಆ ಬಗೆಯ ಸಾಮಾನ್ಯ ಇನ್ವರ್ಟರ್ ಗ್ರಿಡ್ ಇಲ್ಲದೆಡೆ ಕೆಲಸವನ್ನೇ ಮಾಡದು. ಅಗ್ಗಕ್ಕೆ ಸಿಕ್ಕಿತೆಂದು ತೋಟದ ಮನೆಗೆ ತರಬೇಡಿ.

ನಮ್ಮ ಪಟ್ಟಿಯಲ್ಲಿ ಇನ್ವರ್ಟರ್ ಪಾಲು ಐದರಲ್ಲೊಂದು. ತಪ್ಪು ಇನ್ವರ್ಟರ್ ತಂದರೆ ಹಾಳಾಗುವುದು ಉಳಿದ ನಾಲ್ಕು ಪಾಲು. ಹಣ ಕೊಡುವ ಮುನ್ನ ಐದು ಅಂಕಿಗಳನ್ನು ಬರೆಸಿಕೊಳ್ಳಿ: ನಿರಂತರ ವ್ಯಾಟ್, ಕ್ಷಣಿಕ ವ್ಯಾಟ್, ಸುಮ್ಮನಿದ್ದಾಗ ತಿನ್ನುವ ವ್ಯಾಟ್, ಪ್ಯಾನೆಲ್ ಕಡೆಯ ಗರಿಷ್ಠ ವೋಲ್ಟೇಜ್, ಚಾರ್ಜಿಂಗ್ ಆಂಪಿಯರ್. ಇವನ್ನು ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ.