ನಿಮಗಿದು ಗೊತ್ತೇ? ಸಸ್ಯಶಾಸ್ತ್ರವೇ ಬೇಡ ಎಂದಿದ್ದ ಡಾಕ್ಟರು

● ಮನೆಯಲ್ಲಿ ಹೃದಯದ ತೊಂದರೆ ಇರುವ ಹಿರಿಯರಿದ್ದರೆ ಅವರ ಮಾತ್ರೆ ಡಬ್ಬಿಯಲ್ಲಿ ಡಿಜಾಕ್ಸಿನ್ ಎಂಬ ಪುಟ್ಟ ಮಾತ್ರೆ ಇದ್ದರೂ ಇರಬಹುದು. ಅದರ ಬೇರು ಹುಡುಕುತ್ತ ಹೋದರೆ ಸಿಗುವವರು ವಿಲಿಯಂ ವಿದರಿಂಗ್, ಇಂಗ್ಲೆಂಡಿನ ಸ್ಟಾಫರ್ಡ್ ಎಂಬ ಸಣ್ಣ ಊರಿನಲ್ಲಿ ವೈದ್ಯವೃತ್ತಿ ಶುರುಮಾಡಿದವರು. ಹುಟ್ಟಿದ್ದು 1741ರಲ್ಲಿ, ಶ್ರಾಪ್‌ಶೈರ್‌ನ ವೆಲ್ಲಿಂಗ್ಟನ್‌ನಲ್ಲಿ. ತಂದೆಯೂ ಊರಿನ ಜನಕ್ಕೆ ಔಷಧಿ ಕೊಡುತ್ತಿದ್ದವರೇ.

● ಮುಂದೆ ಬ್ರಿಟನ್ನಿನ ಗಿಡಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ ಇವರಿಗೆ ಓದುವ ಕಾಲದಲ್ಲಿ ಸಸ್ಯಶಾಸ್ತ್ರವೆಂದರೆ ಆಗುತ್ತಿರಲಿಲ್ಲ! ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರು ಚಿನ್ನದ ಪದಕ ಇಟ್ಟಿದ್ದಾರೆ, ಆದರೂ ಈ ವಿಷಯದ ಕಡೆ ಮನಸ್ಸು ಹೋಗುತ್ತಿಲ್ಲ ಎಂದು ಅಪ್ಪ ಅಮ್ಮನಿಗೆ ಕಾಗದ ಬರೆದಿದ್ದರು.

● ಆ ಮನಸ್ಸನ್ನು ತಿರುಗಿಸಿದ್ದು ಒಬ್ಬ ರೋಗಿ. ಸ್ಟಾಫರ್ಡ್‌ನಲ್ಲಿ ಅವರ ಬಳಿ ಬಂದ ಮೊದಮೊದಲ ರೋಗಿಗಳಲ್ಲಿ ಹೆಲೆನಾ ಕುಕ್ಸ್ ಒಬ್ಬರು. ಆಕೆಗೆ ಹೂವಿನ ಚಿತ್ರ ಬರೆಯುವ ಹವ್ಯಾಸ. ಬರೆಯಲು ಹೂ ಬೇಕಲ್ಲ, ಡಾಕ್ಟರು ತಾವೇ ಸುತ್ತಾಡಿ ತಂದುಕೊಡತೊಡಗಿದರು. 1772ರಲ್ಲಿ ಇಬ್ಬರಿಗೂ ಮದುವೆಯಾಯಿತು. ನಾಲ್ಕು ವರ್ಷಕ್ಕೆ ಸಸ್ಯಗ್ರಂಥ ಹೊರಬಂತು.

● ಆ ಗ್ರಂಥವನ್ನು ಲ್ಯಾಟಿನ್‌ನಲ್ಲಿ ಬರೆಯದೆ ಇಂಗ್ಲಿಷಿನಲ್ಲಿ ಬರೆದರು, ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಸಸ್ಯ ವರ್ಗೀಕರಣವನ್ನು ಸಾಮಾನ್ಯರ ಕೈಗೆ ಕೊಡಬೇಕೆಂದು. ಆದರೆ ಹೆಂಗಸರೂ ಓದುತ್ತಾರೆಂದು ಹೂವಿನ ಗಂಡು ಹೆಣ್ಣು ಭಾಗ ಸೂಚಿಸುವ ಮಾತುಗಳನ್ನೆಲ್ಲ ಕಿತ್ತುಹಾಕಿದರು. ಇದನ್ನು ಎರಾಸ್ಮಸ್ ಡಾರ್ವಿನ್ (ಚಾರ್ಲ್ಸ್ ಡಾರ್ವಿನ್ನರ ತಾತ) ಒಪ್ಪಲಿಲ್ಲ. ನನಗೂ ಡಾರ್ವಿನ್ನರ ಮಾತೇ ಸರಿ ಅನ್ನಿಸುತ್ತದೆ.

● ಹೊಲದಲ್ಲೇ ನಿಂತು ಹೂವಿನ ಒಳಭಾಗ ನೋಡಲು ಜೇಬಿನಲ್ಲಿ ಹಿಡಿಯುವ ಸೂಕ್ಷ್ಮದರ್ಶಕವೊಂದನ್ನೂ ಅವರು ರೂಪಿಸಿದ್ದರು.

● 1775. ಕೈಕಾಲು, ಹೊಟ್ಟೆಗೆಲ್ಲ ನೀರು ತುಂಬಿ ಮೈ ಬಾತುಕೊಳ್ಳುವ ರೋಗಕ್ಕೆ ಒಂದು ಮನೆತನದಲ್ಲಿ ನಾಟಿ ಮದ್ದು ಇದೆ, ಇದರ ಬಗ್ಗೆ ಏನು ಹೇಳುತ್ತೀರಿ ಎಂದು ಯಾರೋ ವಿದರಿಂಗ್ ಅವರನ್ನು ಕೇಳಿದರು. ಶ್ರಾಪ್‌ಶೈರ್‌ನ ಮುದುಕಿಯೊಬ್ಬಳು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ಓದಿದ ಡಾಕ್ಟರುಗಳು ಕೈಬಿಟ್ಟವರನ್ನೂ ಆಕೆ ಕೆಲವೊಮ್ಮೆ ಗುಣಪಡಿಸಿದ್ದಳು. ಅದರಲ್ಲಿದ್ದದ್ದು ಇಪ್ಪತ್ತೋ ಇನ್ನೂ ಹೆಚ್ಚೋ ಬಗೆಯ ಸೊಪ್ಪು. ಗಿಡ ಬಲ್ಲ ವಿದರಿಂಗ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ: ಕೆಲಸ ಮಾಡುತ್ತಿರುವುದು ಒಂದೇ, ಫಾಕ್ಸ್‌ಗ್ಲೋವ್. ಒಂದು ಕಾಲಕ್ಕೆ ಬೇಡವೆಂದ ವಿದ್ಯೆಯೇ ಅಂದು ಕೈಹಿಡಿಯಿತು.

● ಆ ಮುದುಕಿಗೆ ‘ಮದರ್ ಹಟನ್’ ಎಂದು ಹೆಸರಿಟ್ಟು ಹೇಳುವ ಕಥೆಯನ್ನು ನೀವು ಓದಿರಬಹುದು. ವಿದರಿಂಗ್ ಅವರ ಪುಸ್ತಕದಲ್ಲಿ ಆಕೆಗೆ ಹೆಸರೇ ಇಲ್ಲ. ಆ ಹೆಸರು ಹುಟ್ಟಿದ್ದು 1928ರಲ್ಲಿ, ಅಮೆರಿಕದ ಔಷಧ ಕಂಪನಿಯೊಂದರ ಜಾಹೀರಾತಿನಲ್ಲಿ. ನಿಜವಾದ ಹೆಸರು ದಾಖಲಾಗದೇ ಹೋಯಿತಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

● ಫಾಕ್ಸ್‌ಗ್ಲೋವ್ ಹೂವನ್ನು ಹತ್ತಿರದಿಂದ ನೋಡಿ: ಆಳೆತ್ತರದ ಒಂದೇ ದಂಟು, ಅದಕ್ಕೆ ಜೋತುಬಿದ್ದ ನೇರಳೆಗೆಂಪು ಗಂಟೆಗಳು, ಗಂಟೆಯ ಒಳಗೆ ಬಿಳಿ ಅಂಚಿನ ಕಪ್ಪು ಚುಕ್ಕೆ. ಕೆಳಗಿನ ಹೂ ಮೊದಲು ಅರಳುತ್ತದೆ. ದುಂಬಿಯೂ ಕೆಳಗಿನ ಹೂವಿನಿಂದಲೇ ಶುರುಮಾಡಿ ಮೇಲಕ್ಕೆ ಏರುತ್ತದೆ. ಒಂದೊಂದು ಗಂಟೆಯೂ ಬೆರಳಿಗೆ ಟೋಪಿಯಂತೆ ಕೂರುವುದರಿಂದ ಜರ್ಮನಿಯ ಲಿಯೊನಾರ್ಡ್ ಫುಕ್ಸ್ 1542ರಲ್ಲಿ ಅದಕ್ಕೆ ‘ಡಿಜಿಟಾಲಿಸ್’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ‘ಡಿಜಿಟಸ್’ ಎಂದರೆ ಬೆರಳು.

● ಹಸಿ ಸೊಪ್ಪಿನ ಕಷಾಯ ಪ್ರಯತ್ನಿಸಿ, ಋತುವಿನೊಂದಿಗೆ ಎಲೆಯ ಸತ್ವ ಬದಲಾಗುತ್ತದೆ ಎಂದು ವಿದರಿಂಗ್ ಕಂಡುಕೊಂಡರು. ಕೊನೆಗೆ ನಿಂತ ಕ್ರಮ ಇದು: ಹೂ ಅರಳುವ ಹೊತ್ತಿಗೆ ಎಲೆ ಕೀಳಬೇಕು, ತೊಟ್ಟು, ನಡುನರ ತೆಗೆಯಬೇಕು, ಬಿಸಿಲಿನಲ್ಲೋ ಬೆಂಕಿಯ ಮುಂದೆ ತಗಡಿನ ತಟ್ಟೆಯಲ್ಲೋ ಒಣಗಿಸಬೇಕು. ಚೆನ್ನಾಗಿ ಒಣಗಿದ ಎಲೆ ಉಜ್ಜಿದರೆ ಸೊಗಸಾದ ಹಸಿರು ಪುಡಿ. ತೂಕ ಹಸಿ ಎಲೆಯ ಐದನೇ ಒಂದು ಪಾಲಿಗಿಂತಲೂ ಕಡಿಮೆ.

● ದೊಡ್ಡವರಿಗೆ ಅವರು ಕೊಡುತ್ತಿದ್ದದ್ದು ಆ ಪುಡಿಯಲ್ಲಿ ಒಂದರಿಂದ ಮೂರು ಗ್ರೇನ್, ದಿನಕ್ಕೆರಡು ಸಲ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮೂತ್ರ, ಹೊಟ್ಟೆ, ನಾಡಿ, ಕರುಳು, ಈ ನಾಲ್ಕರಲ್ಲಿ ಯಾವುದರ ಮೇಲೆ ಪರಿಣಾಮ ಕಂಡರೂ ಕೂಡಲೇ ನಿಲ್ಲಿಸಬೇಕು. ಹೆಚ್ಚಾದರೆ ವಾಂತಿ, ನಾಡಿ ತೀರಾ ನಿಧಾನ, ಕಣ್ಣಿಗೆ ಎಲ್ಲವೂ ಹಳದಿ ಹಸಿರಾಗಿ ಕಾಣುವುದು. ಇದನ್ನೆಲ್ಲ ಅವರು ಆಗಲೇ ಬರೆದಿಟ್ಟಿದ್ದಾರೆ.

● ಫಾಕ್ಸ್‌ಗ್ಲೋವ್ ಕುರಿತ ಅವರ ಪುಸ್ತಕ 1785ರಲ್ಲಿ ಬಂತು. ಅದರಲ್ಲಿ ಅವರೇ ನೋಡಿದ 163 ರೋಗಿಗಳ ವಿವರವಿದೆ. ಗುಣವಾದವರನ್ನಷ್ಟೇ ಆರಿಸಿ ಬರೆದಿದ್ದರೆ ಮದ್ದಿಗೂ ತಮಗೂ ಹೆಸರು ಬರುತ್ತಿತ್ತು, ಆದರೆ ಸತ್ಯ ಅದನ್ನು ಒಪ್ಪುವುದಿಲ್ಲ ಎಂದುಕೊಂಡರು ಅವರು. ಹಾಗಾಗಿ ಪ್ರಯೋಜನವಾಗದವರು, ಸತ್ತವರು, ಶುರುವಿನಲ್ಲಿ ತಾವೇ ಮದ್ದು ಜಾಸ್ತಿ ಕೊಟ್ಟು ಸಂಕಟಕ್ಕೆ ಸಿಲುಕಿಸಿದವರು ಎಲ್ಲರೂ ಪುಸ್ತಕದಲ್ಲಿದ್ದಾರೆ. ಹತ್ತು ವರ್ಷ ಕಾದು, ಸೋಲನ್ನೂ ಲೆಕ್ಕಕ್ಕೆ ಬರೆದ ಈ ಗುಣಕ್ಕಾಗಿ ನಾನು ಅವರಿಗೆ ಕೈಮುಗಿಯುತ್ತೇನೆ. ಮುದುಕಿಯ ಹತ್ತಿರ ಮದ್ದು ಇತ್ತು, ಅಳತೆ ಇರಲಿಲ್ಲ. ಅಳತೆ ಕೊಟ್ಟವರು ವಿದರಿಂಗ್.

● ಫಾಕ್ಸ್‌ಗ್ಲೋವ್ ಮೂತ್ರ ಹೆಚ್ಚಿಸಿ ಬಾವು ಇಳಿಸುವ ಮದ್ದೆಂದೇ ಅವರು ಬಗೆದಿದ್ದರು. ಆದರೂ ಹೃದಯದ ಬಡಿತದ ಮೇಲೆ ಇದಕ್ಕಿರುವ ಹಿಡಿತ ಬೇರಾವ ಔಷಧಿಗೂ ಕಂಡಿಲ್ಲ ಎಂದು ಗುರುತಿಸಿದ್ದರು. ಈಗ ಗೊತ್ತಿರುವಂತೆ, ಇದು ಹೃದಯದ ಜೀವಕೋಶಗಳಿಂದ ಸೋಡಿಯಂ ಹೊರಹಾಕುವ ಪಂಪನ್ನು ತಡೆಯುತ್ತದೆ. ಅದರಿಂದ ಒಳಗೆ ಕ್ಯಾಲ್ಸಿಯಂ ಹೆಚ್ಚಿ, ಹೃದಯ ಗಟ್ಟಿಯಾಗಿ ಹಿಂಡುತ್ತದೆ, ರಕ್ತ ಮೂತ್ರಪಿಂಡಕ್ಕೆ ಸರಿಯಾಗಿ ಹರಿಯುತ್ತದೆ, ನೀರು ಇಳಿಯುತ್ತದೆ.

● ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ದಿನಕ್ಕೊಂದು ಗಂಟೆ ಬಡವರಿಗೆ ಮೀಸಲು, ಕಾಸು ಇಲ್ಲದೆ. ವರ್ಷಕ್ಕೆ ಎರಡು ಮೂರು ಸಾವಿರ ಜನ ಬರುತ್ತಿದ್ದರು.

● ಅಲ್ಲಿ ಅವರು ಸೇರಿದ ಲೂನಾರ್ ಸೊಸೈಟಿ ಕೂಡುತ್ತಿದ್ದದ್ದು ಹುಣ್ಣಿಮೆಯ ಆಸುಪಾಸಿನಲ್ಲಿ. ಬೀದಿದೀಪವಿಲ್ಲದ ದಾರಿಯಲ್ಲಿ ಬೆಳದಿಂಗಳಿದ್ದರೆ ಮನೆ ಸೇರುವುದು ಸಲೀಸು. ಉಗಿಯಂತ್ರದ ಜೇಮ್ಸ್ ವಾಟ್, ಆಮ್ಲಜನಕದ ಪ್ರೀಸ್ಟ್‌ಲಿ ಅದೇ ಗುಂಪಿನವರು.

● ಸೀಸದ ಗಣಿಯಿಂದ ಬಂದ ಒಂದು ಭಾರವಾದ ಕಲ್ಲನ್ನು ವಿದರಿಂಗ್ ಪರೀಕ್ಷಿಸಿದರು. ಬೇರಿಯಂ ಕಾರ್ಬೊನೇಟ್‌ನ ಆ ಖನಿಜಕ್ಕೆ ಇಂದು ‘ವಿದರೈಟ್’ ಎಂದೇ ಹೆಸರು.

● ಡಿಜಾಕ್ಸಿನ್ ಬೇರ್ಪಟ್ಟಿದ್ದು 1930ರಲ್ಲಿ, ಫಾಕ್ಸ್‌ಗ್ಲೋವ್‌ನ ಹತ್ತಿರದ ನೆಂಟ ಡಿಜಿಟಾಲಿಸ್ ಲನಾಟಾದ ಎಲೆಯಿಂದ. ಬೇರ್ಪಡಿಸಿದವರು ಸಿಡ್ನಿ ಸ್ಮಿತ್. ಸಾಮಾನ್ಯವಾಗಿ ಸಿಗುವ ಮಾತ್ರೆಯಲ್ಲಿರುವುದು 0.25 ಮಿಲಿಗ್ರಾಂ. ಒಂದು ಗ್ರಾಂ ಇದ್ದರೆ 4,000 ಮಾತ್ರೆ! ಜೊತೆಗೆ ಉಪಯೋಗಕ್ಕೂ ಅಪಾಯಕ್ಕೂ ಅಂತರ ಬಹಳ ಕಡಿಮೆ. ಡಾಕ್ಟರು ಹೇಳಿದ್ದಕ್ಕಿಂತ ಒಂದು ಮಾತ್ರೆಯನ್ನೂ ಹೆಚ್ಚು ನುಂಗಬೇಡಿ.

● ನಮ್ಮ ಹಿತ್ತಲಿನ ಕಣಗಿಲೆಯಲ್ಲೂ ಇದೇ ಬಗೆಯ, ಹೃದಯಕ್ಕೆ ತಾಗುವ ವಿಷವಿದೆ. ದೇವರಿಗೆ ಏರಿಸಿ, ಆದರೆ ಮಕ್ಕಳು ಬಾಯಿಗೆ ಇಟ್ಟುಕೊಳ್ಳದಂತೆ ನೋಡಿಕೊಳ್ಳಿ. ಡಿಜಾಕ್ಸಿನ್ ವಿಷಕ್ಕೆಂದು ತಯಾರಿಸಿದ ಪ್ರತಿವಿಷ ಹಳದಿ ಕಣಗಿಲೆಯ ವಿಷಕ್ಕೂ ನಾಟುತ್ತದೆ ಎಂದು ಶ್ರೀಲಂಕಾದಲ್ಲಿ ವೈದ್ಯರು ತೋರಿಸಿದ್ದಾರೆ.

● ಊರಿನವರ ಎದೆಯ ಕಾಯಿಲೆ ನೋಡುತ್ತಿದ್ದ ವಿದರಿಂಗ್ ಅವರ ಎದೆಯನ್ನೇ ಕ್ಷಯ ತಿಂದಿತು. ಚಳಿಗಾಲ ತಪ್ಪಿಸಲು ಎರಡು ಸಲ ಪೋರ್ಚುಗಲ್‌ಗೆ ಹೋದರು. ಅಲ್ಲೂ ಸುಮ್ಮನಿರದೆ ಬಿಸಿನೀರಿನ ಬುಗ್ಗೆಯ ರಾಸಾಯನಿಕ ಪರೀಕ್ಷೆ ಮಾಡಿದರು. 1799ರ ಅಕ್ಟೋಬರ್ 6ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಎಡ್ಜ್‌ಬಾಸ್ಟನ್‌ನ ಹಳೆಯ ಚರ್ಚಿನಲ್ಲಿರುವ ಅವರ ಸ್ಮಾರಕದ ಕಲ್ಲಿನಲ್ಲಿ ಎರಡು ಗಿಡ ಕೆತ್ತಿದ್ದಾರೆ. ಒಂದು ‘ವಿದರಿಂಜಿಯಾ’, ಅವರದೇ ಹೆಸರು ಹೊತ್ತ, ಬದನೆ ಕುಟುಂಬದ ಗಿಡ. ಇನ್ನೊಂದು ಫಾಕ್ಸ್‌ಗ್ಲೋವ್.